ತವರಮನೆ ಹೆಸರು ಕೇಳದ ಮಳೆಗಾಲ

ಔರಾದ್‌ನ ನಮ್ಮ ಆಸ್ಪತ್ರೆಯ ಬಾಗಿಲು ದಾಟಿದೊಡನೆ ಫಿನಾಯಿಲಿನ ವಾಸನೆ, ಅದರ ಹಿಂದೆಯೇ ಬಿಸಿಯಾದ ಪ್ರಿಂಟರಿನ ವಾಸನೆ ಮೂಗಿಗೆ ಬಡಿಯುತ್ತದೆ. ಹೋದ ವಾರ ಹೋದಾಗಲೂ ಬಡಿಯಿತು. ಸೊಸೆ ಪಂಚಮಿಗೆಂದು ಔರಾದ್ ಹತ್ತಿರದ ತವರಿಗೆ ಹೋಗಿದ್ದಳು, ಅವಳನ್ನು ಕರೆದುಕೊಂಡು ಬರಲು ನಾನು ಭಾಲ್ಕಿಯಿಂದ ಹೋಗಿದ್ದೆ. ಅವಳಿಗೀಗ ಎರಡನೆಯ ಬಸಿರು. ತಪಾಸಣೆಯೂ ಆಗಿಬಿಡಲಿ ಅಂತ ಇಬ್ಬರೂ ಆಸ್ಪತ್ರೆಗೆ ಬಂದೆವು. ಹೊರಗೆ ಮಳೆ ಹನಿಯುತ್ತಿತ್ತು. ಕೌಂಟರಿನಲ್ಲಿ ಕೂತಿದ್ದ ನಸ್ರೀನ್ ನಮ್ಮನ್ನು ನೋಡಿ ನಕ್ಕಳು. ಗುರುತಿನವರು ಅಂತ ಬಿಡಲಿಲ್ಲ, ಕೇಳಬೇಕಾದ್ದನ್ನು ಕೇಳಿಯೇ ಕೇಳಿದಳು.

"ಗಂಡನ ಮನಿ ಹೆಸರು ಹೇಳ್ರಿ."

"ಪೂಜಾ."

"ತವರಮನಿ ಹೆಸರು?"

"ಸುವರ್ಣಾ."

ಈ ಎರಡನೆಯ ಪ್ರಶ್ನೆ ಕಿವಿಗೆ ಬಿದ್ದಾಗಲೆಲ್ಲ ನಾನು ಸೊಸೆಯ ಹತ್ತಿರ ಒಂದು ಹೆಜ್ಜೆ ಸರಿಯುತ್ತೇನೆ. ಒಂದು ಕಾಲಕ್ಕೆ ಅದನ್ನು ಯಾರೂ ಕೇಳುತ್ತಿರಲಿಲ್ಲ. ಕೇಳದೆ ಇದ್ದ ಒಂದು ಮಳೆಗಾಲವನ್ನು ನಾನು ಹೇಗೆ ದಾಟಿದೆ ಎಂಬುದು ನನಗೆ ಗೊತ್ತು, ಆ ದೇವರಿಗೆ ಗೊತ್ತು.

ನನ್ನ ಹೆಸರು ಸರೋಜನಿ. ಭಾಲ್ಕಿಯ ಆಸ್ಪತ್ರೆಯಲ್ಲಿ ಹೆರಿಗೆ ವಾರ್ಡಿನ ಹಿರಿಯ ನರ್ಸ್ ಆಗಿ ದುಡಿದು ಈಗ ಮನೆಯಲ್ಲಿದ್ದೇನೆ. ನಮ್ಮ ಟ್ರಸ್ಟಿಗೆ ಮೂರು ಆಸ್ಪತ್ರೆಗಳು: ಬೀದರಿನಲ್ಲಿ ದೊಡ್ಡದು, ಭಾಲ್ಕಿಯಲ್ಲಿ ಮತ್ತು ಔರಾದ್‌ನಲ್ಲಿ ಒಂದೊಂದು ಸಣ್ಣದು. ನನ್ನ ನಾಲಿಗೆಗೆ ಎಲುಬಿಲ್ಲ ಅಂತ ಮೂರೂ ಆಸ್ಪತ್ರೆಗಳಲ್ಲಿ ಹೆಸರುವಾಸಿ. ಅದು ಸುಳ್ಳಲ್ಲ. ಆದರೆ ನನಗೆ ಸಿಟ್ಟು ಬರುವುದೇ ಹೆದರಿದಾಗ. ಆ ವರ್ಷ ನಾನು ಕಂಡ ಕಂಡವರ ಮೇಲೆಲ್ಲ ಹರಿಹಾಯ್ದೆ, ಅಂದರೆ ಎಷ್ಟು ಹೆದರಿದ್ದೆ ಅಂತ ನೀವೇ ತಿಳಿದುಕೊಳ್ಳಿ.

ಶುರುವಾದದ್ದು ಬೇಸಿಗೆಯಲ್ಲಿ. ಮೂರೂ ಆಸ್ಪತ್ರೆಗಳನ್ನು ಕಂಪ್ಯೂಟರಿಗೆ ಹಾಕಬೇಕು, ರೋಗಿ ಎಲ್ಲಿಗೆ ಹೋದರೂ ಅವನ ಕಾಯಿಲೆಯ ಚರಿತ್ರೆ ಡಾಕ್ಟರರ ಕಣ್ಣ ಮುಂದೆ ಬರಬೇಕು ಎಂದು ಟ್ರಸ್ಟು ತೀರ್ಮಾನಿಸಿತು. ಯೋಜನೆ ಹಾಕಲು ಒಂದು ಸಮಿತಿ ಮಾಡಿದರು. ಹೈದರಾಬಾದಿನಿಂದ ಅನುರಾಧಾ ಎಂಬ ಮೇಡಂ ಬಂದರು. ಚಿಕ್ಕ ವಯಸ್ಸು, ಚುರುಕು ಹುಡುಗಿ, ಇಂಥ ಕೆಲಸವನ್ನು ಬೇರೆ ಊರುಗಳಲ್ಲಿ ಮಾಡಿದವರು. ಭಾಲ್ಕಿಯಿಂದ ಯಾರಾದರೊಬ್ಬರು ಸಮಿತಿಯಲ್ಲಿ ಇರಬೇಕಲ್ಲ, ಡಾಕ್ಟರರಿಗೆ ಪುರುಸೊತ್ತಿಲ್ಲ, ಹೀಗಾಗಿ ನನ್ನ ಕೊರಳಿಗೆ ಬಿತ್ತು. ವಾರಕ್ಕೊಮ್ಮೆ ಹಲಬರ್ಗಾದ ಮೇಲೆ ಹಾದುಹೋಗುವ ಬಸ್ಸು ಹಿಡಿದು ಬೀದರಿಗೆ ಹೋಗುವುದು, ಗೋಡೆಯ ಮೇಲೆ ಬೆಳಕಿನಲ್ಲಿ ಮೂಡುವ ಚೌಕ, ಬಾಣಗಳನ್ನು ನೋಡುವುದು, ಸಪ್ಪಗಿನ ಚಹಾ ಕುಡಿದು ವಾಪಸು ಬರುವುದು.

ಯೋಜನೆ ಕೆಟ್ಟದ್ದು ಅಂತ ನಾನು ಆಗಲೂ ಅನ್ನಲಿಲ್ಲ, ಈಗಲೂ ಅನ್ನುವುದಿಲ್ಲ. ನಮ್ಮ ದಾಖಲೆ ಕೋಣೆ ಪ್ರತಿ ಮಳೆಗಾಲ ಸೋರುತ್ತಿತ್ತು. ಇಲಿ ತಿಂದ ಕೇಸ್ ಪೇಪರುಗಳನ್ನು ನಾನೇ ಅಂಟಿಸಿದ್ದೇನೆ. ನನ್ನ ತಕರಾರು ಒಂದೇ ಮಾತಿನ ಮೇಲೆ ಇತ್ತು. ಮಳೆಗಾಲ ಶುರುವಾಗುವ ಹೊತ್ತಿಗೆ ಮೂರೂ ಆಸ್ಪತ್ರೆಗಳಲ್ಲಿ ಒಂದೇ ದಿನ ಕಾಗದ ನಿಲ್ಲಿಸಬೇಕು, ಮರುದಿನದಿಂದ ಕೇಸ್ ಪೇಪರು ತೆರೆಯಲೇಬಾರದು ಅಂತ ಬರೆದಿದ್ದರು. ಅದನ್ನು ನಾವು ನಮ್ಮ ಬಾಯಲ್ಲಿ "ಕಾಗದ ಮುಚ್ಚೂ ದಿನ" ಅನ್ನುತ್ತಿದ್ದೆವು.

"ಮೂರೂ ಕಡಿ ಒಂದೇ ದಿನ ಯಾಕ್ರಿ?" ಅಂತ ಎದ್ದು ನಿಂತು ಕೇಳಿದೆ. "ಮೊದಲ ಬೀದರದಾಗ ಮಾಡಿ ನೋಡ್ರಿ. ಅಲ್ಲಿ ಏನರೆ ಹೆಚ್ಚುಕಮ್ಮಿ ಆದ್ರ ಸಂಭಾಳಸ್ಲಾಕ ದೊಡ್ಡ ಡಾಕ್ಟರ್ ಅದಾರ. ಔರಾದದಾಗ ಆದ್ರ ಯಾರ ಅದಾರ್ರಿ?"

ಟ್ರಸ್ಟಿನ ಕಾರ್ಯದರ್ಶಿ ಶಿವರಾಜಪ್ಪನವರು ಸಮಾಧಾನದ ಮನುಷ್ಯ, ದುಡ್ಡು ತಿಂದವರಲ್ಲ, ಯಾರಿಗೂ ಏರುದನಿಯಲ್ಲಿ ಮಾತಾಡಿದವರಲ್ಲ. ಅವರು ನಕ್ಕು, "ಸಿಸ್ಟರ್, ಎರಡ ದೋಣಿ ಮ್ಯಾಲ ಕಾಲಿಟ್ಟವ್ರು ದಂಡಿ ಮುಟ್ಟಂಗಿಲ್ರಿ" ಅಂದರು. "ಅರ್ಧ ಕಾಗದದಾಗ, ಅರ್ಧ ಕಂಪ್ಯೂಟರದಾಗ ಇಟ್ರ ಎರಡೂ ಹಾಳ ಆಗ್ತಾವ."

"ಹತ್ತಿದ ಒಂದ ದೋಣಿಗಿ ತೂತ ಇದ್ರ ಹ್ಯಾಂಗ್ರಿ ಮತ್ತ?"

ಎಲ್ಲರೂ ನಕ್ಕರು. ನನಗೆ ನಗು ಬರಲಿಲ್ಲ. ಸಭೆ ಮುಗಿದ ಮೇಲೆ ಅನುರಾಧಾ ಮೇಡಂ ಚಹಾದ ಲೋಟ ಹಿಡಿದು ನನ್ನ ಪಕ್ಕ ಬಂದು ಕೂತರು.

"ಸಿಸ್ಟರ್, ನಿಮ್ಮ ಭಯ ಏನು ಅಂತ ಹೇಳಿ. ಅದನ್ನೂ ಯೋಜನೆಯಲ್ಲಿ ಸೇರಿಸಿ, ಪರಿಹಾರ ಬರೀತೀನಿ."

"ಏನಂತ ಗೊತ್ತಿದ್ರ ಇಷ್ಟ್ಯಾಕ ಅಂಜತಿದ್ದೆ ಮೇಡಂ?" ಅಂದೆ. ಕರೆಂಟು ಹೋದರೆ ಏನು, ಮಳೆಗೆ ನೆಟ್‌ವರ್ಕ್ ಹೋದರೆ ಏನು, ಯಾರಾದರೂ ಮಾಹಿತಿ ಕದ್ದರೆ ಏನು ಅಂತ ಅವರು ಎಲ್ಲಕ್ಕೂ ಉತ್ತರ ಬರೆದುಕೊಂಡಿದ್ದರು. ನನ್ನ ಭಯಕ್ಕೆ ಅದರಲ್ಲಿ ಹೆಸರಿರಲಿಲ್ಲ. ಹೊಟ್ಟೆಯಲ್ಲಿ ಮಾತ್ರ ಅದು ದಿನಾ ಬೆಳೆಯುತ್ತಿತ್ತು.

ಅದೇ ಹೊತ್ತಿಗೆ ನಮ್ಮ ಮನೆಯಲ್ಲಿ ಸೊಸೆ ಬಸುರಿ. ಮಗ ಸಂತೋಷ ಖಟಕ ಚಿಂಚೋಳಿಯಲ್ಲಿ ಮಾಸ್ತರ. ಹಿಂದಿನ ವರ್ಷ ಅವನಿಗೆ ಔರಾದ್ ಹತ್ತಿರದ ಹಳ್ಳಿಯಿಂದ ಹೆಣ್ಣು ತಂದಿದ್ದೆವು. ನಮ್ಮ ಕಡೆ ಮದುವೆಯಲ್ಲಿ ಹುಡುಗಿಯ ಹೆಸರು ಬದಲಿಸುತ್ತಾರೆ. ಇದು ತಾತ ಮುತ್ತಾತಂದಿರ ಕಾಲದಿಂದ ಬಂದದ್ದು, ಅದರಲ್ಲಿ ವಿಚಾರ ಮಾಡುವಂಥದ್ದು ಏನಾದರೂ ಇದೆ ಅಂತಲೂ ಯಾರಿಗೂ ಅನ್ನಿಸುವುದಿಲ್ಲ. ತಾಟಿನಲ್ಲಿ ಅಕ್ಕಿ ಹರವುತ್ತಾರೆ, ಮದುಮಗ ಉಂಗುರದ ತುದಿಯಿಂದ ಅಕ್ಕಿಯಲ್ಲಿ ಹೊಸ ಹೆಸರು ಬರೆಯುತ್ತಾನೆ, ಎಲ್ಲರೂ ಬಗ್ಗಿ ಓದಿ ಚಪ್ಪಾಳೆ ಹೊಡೆಯುತ್ತಾರೆ. ಸುವರ್ಣಾ ಎಂದು ಬಂದ ಹುಡುಗಿ ಹೀಗೆ ಪೂಜಾ ಆದಳು. ಭಾಲ್ಕಿಯಲ್ಲಿ ಅವಳನ್ನು ಸುವರ್ಣಾ ಅಂತ ಕರೆದವರಿಲ್ಲ, ಅವಳ ತವರಿನಲ್ಲಿ ಪೂಜಾ ಅಂತ ಕರೆದವರಿಲ್ಲ; ಅಲ್ಲಿ ಅವಳು ತಾಯಿಯ ಬಾಯಲ್ಲಿ ಸುವ್ವಾ.

ಐದು ತಿಂಗಳಾದಾಗ ಅವಳಿಗೆ ಜ್ವರ ಬಂತು. ಮೂತ್ರದ ಸೋಂಕು ಅಂತ ನಮ್ಮ ಡಾಕ್ಟರು ಒಂದು ಆ್ಯಂಟಿಬಯಾಟಿಕ್ ಇಂಜೆಕ್ಷನ್ ಬರೆದರು, ನಮ್ಮ ವಾರ್ಡಿನಲ್ಲೇ ಕೊಟ್ಟರು. ನೋಡನೋಡುತ್ತಿದ್ದಂತೆ ಮೈತುಂಬ ದದ್ದು ಎದ್ದವು. ತುಟಿ ಬಾತುಕೊಂಡಿತು. "ಅತ್ತಿ, ಗಂಟಲ ಹಿಡ್ಯಲತ್ತದ" ಅಂದಳು, ಮುಂದೆ ಮಾತೇ ಬರಲಿಲ್ಲ. ಎಷ್ಟು ಹೆರಿಗೆ, ಎಷ್ಟು ಸಾವು ನೋಡಿದ ಕೈಗಳಿವು, ಅವತ್ತು ಔಷಧಿಯ ಬಾಟಲಿ ಒಡೆಯಲಾರದೆ ಹೋದವು. ಡಾಕ್ಟರು ಓಡಿಬಂದು ಉಳಿಸಿಕೊಂಡರು. ಈ ಮದ್ದು ಇವಳಿಗೆ ಇನ್ನೊಮ್ಮೆ ಹೋದರೆ ಉಳಿಯುವುದು ಕಷ್ಟ ಅಂತ ಹೇಳಿದರು. ಅವಳ ಕೇಸ್ ಪೇಪರಿನ ಮೇಲೆ ನಾನೇ ಕೆಂಪು ಶಾಯಿಯಲ್ಲಿ, ಕುರುಡನಿಗೂ ಕಾಣುವ ಹಾಗೆ, ಆ ಇಂಜೆಕ್ಷನ್ನಿನ ಹೆಸರು ಬರೆದು ಕೆಳಗೆ ಗೆರೆ ಎಳೆದೆ.

ಎಚ್ಚರವಾದ ಮೇಲೆ ಅವಳು ಕೇಳಿದ್ದು ಒಂದೇ. "ನಮ್ಮ ಅವ್ವಗ ಹೇಳಬ್ಯಾಡ್ರಿ ಅತ್ತಿ. ಸುದ್ದಿ ಕೇಳಿದ್ರ ಅಕಿ ಊಟ ಬಿಡ್ತಾಳ." ಬಸುರಿಯ ಮಾತು, ತೆಗೆದುಹಾಕಲಿಕ್ಕೆ ಬರುತ್ತದೆಯೇ? ಹೇಳಲಿಲ್ಲ.

ಕಾಗದ ಮುಚ್ಚುವ ದಿನ ಬಂದೇಬಂತು. ಮೃಗಶಿರಾ ಮಳೆ ಚೆನ್ನಾಗಿ ಹಿಡಿದಿತ್ತು, ಹೊಲಗಳಲ್ಲಿ ಸೋಯಾ ಬಿತ್ತನೆ ನಡೆದಿತ್ತು. ನಮ್ಮ ಕೇಸ್ ಪೇಪರುಗಳನ್ನೆಲ್ಲ ಗೋಣಿಚೀಲಗಳಲ್ಲಿ ತುಂಬಿ, ಮೇಲೆ ತಾಡಪತ್ರಿ ಹೊದಿಸಿ ಬೀದರಿಗೆ ಒಯ್ದರು. ಅಲ್ಲಿ ಅವುಗಳ ಫೋಟೊ ತೆಗೆದು, ಮುಖ್ಯವಾದದ್ದನ್ನು ಟೈಪ್ ಮಾಡಿ ಕಂಪ್ಯೂಟರಿಗೆ ಏರಿಸಿದರು. ಖಾಲಿ ದಾಖಲೆ ಕೋಣೆಯಲ್ಲಿ ನಾನೊಬ್ಬಳೇ ಹೋಗಿ ನಿಂತೆ. ಕಪಾಟುಗಳ ಮೇಲೆ ಫೈಲುಗಳಿದ್ದ ಜಾಗ ಮಾತ್ರ ಬೆಳ್ಳಗೆ, ಉಳಿದದ್ದೆಲ್ಲ ಧೂಳು. ಹೆದರಿಕೆಯಾಗಿ ಬೇಗ ಹೊರಗೆ ಬಂದೆ, ಬಂದವಳು ಕಸಗುಡಿಸುವ ಹೆಣ್ಣುಮಗಳ ಮೇಲೆ ಸುಮ್ಮನೆ ರೇಗಿದೆ.

ಆದರೂ ಮೊದಲ ಕೆಲಸ ಅಂತ ಪೂಜಾಳ ದಾಖಲೆ ತೆಗೆಸಿ ನೋಡಿದೆ. ಪರದೆಯ ಮೇಲೆ ಅಡ್ಡಲಾಗಿ ಕೆಂಪು ಪಟ್ಟಿ, ಅದರಲ್ಲಿ ಇಂಜೆಕ್ಷನ್ನಿನ ಹೆಸರು ಸ್ಪಷ್ಟವಾಗಿ ಕಾಣುತ್ತಿತ್ತು. ನನ್ನ ಶಾಯಿಗಿಂತ ಢಾಳಾಗಿತ್ತು. ಅನುರಾಧಾ ಮೇಡಂಗೆ ಫೋನ್ ಮಾಡಿ, "ಕೆಂಪು ಬಂದದ್ರಿ" ಅಂದೆ. ಅವರೂ ಖುಷಿಪಟ್ಟರು. ಇನ್ನು ಮುಂದೆ ರೋಗಿಗಳು ಕಾಗದ ಹೊತ್ತುಕೊಂಡು ತಿರುಗಬೇಕಿಲ್ಲ, ಮೂರೂ ಆಸ್ಪತ್ರೆಗಳಲ್ಲಿ ಇದೇ ಕಾಣುತ್ತದೆ ಅಂದರು.

ಏಳನೆಯ ತಿಂಗಳಲ್ಲಿ ಕುಬಸ, ಅಂದರೆ ಸೀಮಂತ, ಮಾಡಿದೆವು. ಹಸಿರು ಸೀರೆ, ಕೈತುಂಬ ಹಸಿರು ಬಳೆ. ಬೀಗತಿ ಶಾಂತಮ್ಮ ಮಗಳನ್ನು ಚೊಚ್ಚಲ ಹೆರಿಗೆಗೆ ಕರೆದುಕೊಂಡು ಹೊರಟರು. ಮೊದಲಾಗಿದ್ದರೆ ಸೀರೆಯ ಗಂಟಿನ ಜೊತೆ ಕೇಸ್ ಪೇಪರಿನ ಚೀಲವನ್ನೂ ಕೊಡುತ್ತಿದ್ದೆವು. ಈ ಸಲ ಕೈ ಬೀಸಿಕೊಂಡು ಹೋದರು. ಜೀಪು ತಿರುವು ದಾಟುವವರೆಗೆ ನಾನು ಬಾಗಿಲಲ್ಲೇ ನಿಂತಿದ್ದೆ.

ಶ್ರಾವಣದ ಕೊನೆ. ಮುಂಜಾನೆಯಿಂದ ಮಳೆ ಬಿಟ್ಟಿರಲಿಲ್ಲ. ನಾನು ವಾರ್ಡಿನಲ್ಲಿದ್ದಾಗ ಶಾಂತಮ್ಮನ ಫೋನು.

"ಅಕ್ಕೋರ, ನಮ್ಮ ಸುವ್ವಾ ಕೈಕಾಲ ಸೆಟದು ಬಿದ್ದಾಳ್ರೀ! ಬಾಯಾಗ ನೊರಿ ಬರ್ಲತ್ತದ! ಔರಾದ ದವಾಖಾನಿಗಿ ಒಯ್ಲತ್ತೇವ್ರಿ!"

"ಹೆದರಬ್ಯಾಡ್ರಿ, ಒಂದ ಮಗ್ಗಲಕ ಮಲಗಸ್ರಿ..." ಅನ್ನುವಷ್ಟರಲ್ಲಿ ಕಡಿದುಹೋಯಿತು.

ಬಸುರಿಯಲ್ಲಿ ಬಿ.ಪಿ. ಏರಿ ಬರುವ ಫಿಟ್ಸ್. ಅದು ಏನು ಮಾಡುತ್ತದೆ ಅಂತ ನನಗೆ ಗೊತ್ತು, ಗೊತ್ತಿರುವುದೇ ಕೆಟ್ಟದ್ದು. ಕೂಡಲೇ ಹೊಟ್ಟೆ ಕೊಯ್ದು ಮಗುವನ್ನು ತೆಗೆಯಬೇಕಾಗಬಹುದು. ಕೊಯ್ಯುವ ಮೊದಲು ಒಂದು ಆ್ಯಂಟಿಬಯಾಟಿಕ್ ಕೊಡುತ್ತಾರೆ. ನಮ್ಮ ಮೂರೂ ಆಸ್ಪತ್ರೆಗಳಲ್ಲಿ ಕೊಡುವುದು ಅದೇ ಇಂಜೆಕ್ಷನ್. ನಾನು ಕಂಪ್ಯೂಟರಿನ ಹತ್ತಿರ ಹೋಗಿ ಪೂಜಾಳ ದಾಖಲೆ ತೆಗೆಸಿದೆ. ಕೆಂಪು ಪಟ್ಟಿ ಇತ್ತು. ಔರಾದ್‌ನವರಿಗೂ ಇದೇ ಕಾಣುತ್ತದಲ್ಲ ಅಂತ ಎದೆ ಸ್ವಲ್ಪ ತಣ್ಣಗಾಯಿತು. ನಾನು ಆ ಯಂತ್ರವನ್ನು ಪೂರ್ತಿ ನಂಬಿದ್ದು ಅವತ್ತೇ ಮೊದಲು.

ಸ್ವಲ್ಪ ಹೊತ್ತು ಬಿಟ್ಟು ಔರಾದ್ ಕೌಂಟರಿಗೆ ಫೋನ್ ಹಚ್ಚಿದೆ. ನಸ್ರೀನ್ ಎತ್ತಿದಳು.

"ನಮ್ಮ ಸೊಸಿ ಪೂಜಾ ಬಂದಾಳೇನವಾ? ಫಿಟ್ಸ್ ಕೇಸು."

"ಪೂಜಾ ಅಂತ ಯಾರೂ ಬಂದಿಲ್ರಿ ಅಕ್ಕೋರ."

ದಾರಿಯಲ್ಲಿರಬೇಕು ಅಂದುಕೊಂಡೆ. ಮತ್ತೆ ಹಚ್ಚಿದೆ. ಇಲ್ಲ. ಕೌಂಟರಿನ ಗದ್ದಲದಲ್ಲಿ ನಸ್ರೀನ್ ಹೆಸರಷ್ಟೇ ಹುಡುಕಿ ಹೇಳಿದ್ದಳು. ಶಾಂತಮ್ಮನ ಫೋನು ಬಂದ್ ಆಗಿತ್ತು. ಪರದೆಯ ಮೇಲೆ ಪೂಜಾಳ ಹೆಸರಿನ ಕೆಳಗೆ ಹೊಸದೇನೂ ಬರಲಿಲ್ಲ. ಔರಾದ್‌ಗೆ ಒಯ್ದಿಲ್ಲ ಅಂದರೆ ಎಲ್ಲಿಗೆ ಒಯ್ದರು? ಗಡಿ ದಾಟಿ ಮಹಾರಾಷ್ಟ್ರದ ಉದಗೀರಕ್ಕೇ? ಅಲ್ಲಿ ಅವಳ ಇಂಜೆಕ್ಷನ್ ಬಗ್ಗೆ ಹೇಳುವವರು ಯಾರು? ಇಲ್ಲ, ದಾರಿಯಲ್ಲೇ ಏನಾದರೂ ಆಗಿಹೋಯಿತೇ? ಸುದ್ದಿ ತಿಳಿದು ಶಾಲೆಯಿಂದ ಸಂತೋಷ ಫೋನ್ ಮಾಡಿದ. "ಉದಗೀರಕ್ಕ ಹೋಗೋ, ಜಲ್ದಿ ಹೋಗೋ" ಅಂತ ಕಿರುಚಿದೆ. ಪಾಪ, ಅವನು ಮೋಟರ್ ಸೈಕಲ್ ಹತ್ತಿ ಆ ಮಳೆಯಲ್ಲಿ ಉದಗೀರಿನ ದಾರಿ ಹಿಡಿದ.

ಕಣ್ಣು ಮುಚ್ಚಿದರೆ ಶಾಂತಮ್ಮನ ದನಿ ಕಿವಿಯಲ್ಲಿ. ನಮ್ಮ ಸುವ್ವಾ, ನಮ್ಮ ಸುವ್ವಾ.

ಎಪ್ಪಾ ದೇವರೇ. ಆ ತಾಯಿ ಕೌಂಟರಿನಲ್ಲಿ ಯಾವ ಹೆಸರು ಹೇಳಿಯಾಳು? ಹೆತ್ತಾಗ ಇಟ್ಟ ಹೆಸರನ್ನೇ ಅಲ್ಲವೇ?

ಮತ್ತೆ ಫೋನ್ ಹಚ್ಚಿದೆ. "ನಸ್ರೀನ್, ಸುವರ್ಣಾ ಅಂತ ನೋಡವಾ, ಸುವರ್ಣಾ!"

"ಹಾಂ, ಬಂದಾರ್ರಿ. ಭಾಳ ಸೀರಿಯಸ್ ಅದರಿ, ಥಿಯೇಟರಿಗಿ ಒಯ್ದಾರ. ಸಣ್ಣಾಕಿ ಇದ್ದಾಗಿಂದು ಹಳೀ ದಾಖಲಿ ಇತ್ತು, ಅದೇ ತಗದು ಕೊಟ್ಟೀನ್ರಿ."

"ಅಲರ್ಜಿ ಅನ್ನೋ ಜಾಗಾದಾಗ ಏನದ?"

ಕೀಲಿಮಣೆಯ ಸದ್ದು. ಆಮೇಲೆ ನಸ್ರೀನಳ ದನಿ: "ಇಲ್ಲ ಅಂತ ಅದರಿ."

ಜಾಗ ಖಾಲಿ ಇದ್ದಿದ್ದರೆ ಯಾವನೋ ಒಬ್ಬ ಡಾಕ್ಟರು ಕೇಳುತ್ತಿದ್ದ. ಇಲ್ಲ ಅಂತ ಬರೆದ ಮೇಲೆ ಯಾರು ಕೇಳುತ್ತಾರೆ? ಹುಡುಗಿಗೆ ಎಚ್ಚರವಿಲ್ಲ. ತಾಯಿಗೆ ಗೊತ್ತೇ ಇಲ್ಲ.

"ಓಡವಾ! ಥಿಯೇಟರಿಗಿ ಓಡು! ಇಂಜೆಕ್ಷನ್ ಕೊಡಬ್ಯಾಡ್ರಿ ಅನ್ನು, ಅಕಿಗಿ ಆ..."

ಫೋನು ಕಡಿಯಿತು. ಮತ್ತೆ ಹಚ್ಚಿದರೆ ಹೋಗಲಿಲ್ಲ. ಪರದೆಯ ಮೇಲೆ ಸಣ್ಣ ಚಕ್ರವೊಂದು ತಿರುಗುತ್ತ ನಿಂತಿತು. ಮಳೆಗೆ ಔರಾದ್ ಕಡೆಯ ಟವರು ಹೋಗಿತ್ತು. ಅವಳು ಎಷ್ಟು ಕೇಳಿಸಿಕೊಂಡಳು, ಓಡಿದಳೋ ಇಲ್ಲವೋ, ಓಡುವಷ್ಟರಲ್ಲಿ ಮದ್ದು ಹೋಗಿತ್ತೋ, ಒಂದೂ ಗೊತ್ತಿಲ್ಲ.

ನಮ್ಮ ಆಂಬುಲೆನ್ಸ್ ಹತ್ತಿ ಹೊರಟೆ. ಡ್ರೈವರನಿಗೆ ಒಂದೇ ಮಾತು ಹೇಳಿದೆ, ನಿಲ್ಲಿಸಬೇಡ. ಎರಡೂ ಕಡೆ ಕರಿಮಣ್ಣಿನ ಹೊಲಗಳಲ್ಲಿ ನೀರು ನಿಂತಿತ್ತು. ಮಾಂಜ್ರಾ ನದಿಯ ಸೇತುವೆಯ ಕೆಳಗೆ ಕೆಂಪು ನೀರು ಕಂಬಗಳಿಗೆ ಬಡಿಯುತ್ತಿತ್ತು, ಡ್ರೈವರ ಒಂದು ಗಳಿಗೆ ಗಾಡಿ ನಿಧಾನ ಮಾಡಿದ, ನಾನು ಅವನ ತಾಯಿ ತಂದೆ ಎಲ್ಲರನ್ನೂ ಬೈದೆ. ಕೈಯಲ್ಲಿ ಫೋನು ಹಿಡಿದೇ ಇದ್ದೆ. ವಾರ್ಡಿನಲ್ಲಿ ಎಷ್ಟೋ ಜನ ಅತ್ತೆಯಂದಿರಿಗೆ ನಾನು ಅಳಬೇಡಿ, ಬಾಯಿ ಮುಚ್ಚಿ ಕೂತುಕೊಳ್ಳಿ ಅಂತ ಗದರಿಸಿದ್ದೇನೆ. ಅವತ್ತು ಆಂಬುಲೆನ್ಸಿನಲ್ಲಿ ನಾನು ಗಟ್ಟಿಯಾಗಿ ಅತ್ತೆ. ಅವಳು ಮನೆಗೆ ಬಂದ ಮೊದಲ ದಿನ ನನ್ನ ಚಪ್ಪಲಿಯನ್ನು ಬಿಸಿಲಿನಿಂದ ನೆರಳಿಗೆ ಸರಿಸಿ ಇಟ್ಟಿದ್ದಳು. ಅದೊಂದೇ ನೆನಪು ಮತ್ತೆ ಮತ್ತೆ ಬರುತ್ತಿತ್ತು.

ಆಸ್ಪತ್ರೆಯ ಮೆಟ್ಟಿಲ ಮೇಲೆ ಶಾಂತಮ್ಮ ಒದ್ದೆ ಸೀರೆಯಲ್ಲಿ ಕೂತಿದ್ದರು. ನನ್ನನ್ನು ನೋಡಿ ಸೆರಗಿನಲ್ಲಿ ಮುಖ ಮುಚ್ಚಿಕೊಂಡರು. ಸೊಸೆ ಸತ್ತಳು ಅಂತಲೇ ನಾನು ತಿಳಿದೆ.

ನಸ್ರೀನ್ ಒಳಗಿನಿಂದ ಓಡಿಬಂದಳು. "ಜೀವ ಅದರಿ ಅಕ್ಕೋರ! ಕೂಸೂ ಅದರಿ! ಹೆಣ್ಣ ಕೂಸು!"

ಆಮೇಲೆ ತಿಳಿಯಿತು. ನಸ್ರೀನಳಿಗೆ ಕೇಳಿಸಿದ್ದು "ಇಂಜೆಕ್ಷನ್ ಕೊಡಬ್ಯಾಡ್ರಿ" ಎಂಬುದಷ್ಟೇ, ಯಾವ ಇಂಜೆಕ್ಷನ್ ಅಂತ ಕೇಳಿಸಿರಲಿಲ್ಲ. ಆ ಹುಡುಗಿ ಚಪ್ಪಲಿ ಬಿಡುವುದನ್ನೂ ಮರೆತು ಥಿಯೇಟರಿನೊಳಗೆ ನುಗ್ಗಿ, "ಏನೂ ಕೊಡಬ್ಯಾಡ್ರಿ, ಯಾವುದೂ ಕೊಡಬ್ಯಾಡ್ರಿ!" ಅಂತ ಕೂಗಿದಳಂತೆ. ನರ್ಸು ಸಿರಿಂಜು ಒತ್ತಲು ಆಗಷ್ಟೇ ಶುರು ಮಾಡಿದ್ದಳು, ಕೂಗಿಗೆ ಬೆಚ್ಚಿ ಕೈ ಹಿಂದೆ ತೆಗೆದಳು. ಒಳಗೆ ಹೋದ ಅಷ್ಟಿಷ್ಟಕ್ಕೇ ಮೈಯೆಲ್ಲ ದದ್ದು ಎದ್ದು ಉಸಿರು ಕಟ್ಟಿತ್ತು. "ಕಂಪ್ಯೂಟರದಾಗ ಇಲ್ಲ ಅಂತ ಇತ್ತು ಸಿಸ್ಟರ್" ಅಂತ ಅಲ್ಲಿಯ ಡಾಕ್ಟರಮ್ಮ ಅಂದರು.

ಅವಳನ್ನು ಬೀದರಿಗೆ ಒಯ್ದೆವು. ತುರ್ತು ನಿಗಾ ಘಟಕದಲ್ಲಿ ಹಾಕಿದರು. ಸಂತೋಷ ಉದಗೀರಿನಲ್ಲಿ ಒಂದೊಂದು ಆಸ್ಪತ್ರೆ ಹುಡುಕಿ, ಸುದ್ದಿ ತಿಳಿದು, ಕೆಸರು ಮೆತ್ತಿಕೊಂಡು ಅಲ್ಲಿಗೆ ಬಂದ. ಅವಳು ಕಣ್ಣು ತೆರೆಯಲಿಲ್ಲ. ಮರುದಿನವೂ ತೆರೆಯಲಿಲ್ಲ. ಹತ್ತಿರದವರು ಹೆಸರು ಹಿಡಿದು ಕರೆಯಿರಿ, ಕೇಳಿಸಬಹುದು ಅಂತ ಅಲ್ಲಿಯ ಡಾಕ್ಟರು ಹೇಳಿದರು. ಸಂತೋಷ ಪೂಜಾ ಅಂದ. ನಾನು ಪೂಜಾ ಅಂದೆ. ಎಷ್ಟು ಸಲ ಅಂದೆನೋ. ಮುಖದಲ್ಲಿ ಒಂದು ಗೆರೆಯೂ ಅಲುಗಲಿಲ್ಲ. ಹೊರಗೆ ಕೂಸನ್ನು ಎದೆಗೆ ಅವಚಿಕೊಂಡು ಕೂತಿದ್ದ ಶಾಂತಮ್ಮನಿಗೆ ಒಳಗೆ ಬರಲು ಧೈರ್ಯವಿರಲಿಲ್ಲ. ನಾನೇ ಬಗ್ಗಿ, ಅವಳ ಕಿವಿಯ ಹತ್ತಿರ, ಜೀವನದಲ್ಲಿ ಮೊದಲ ಸಲ, "ಸುವ್ವಾ... ಏ ಸುವ್ವಾ" ಅಂದೆ. ರೆಪ್ಪೆ ಅಲುಗಿತು. ಮದ್ದಿನ ಅಮಲು ಇಳಿಯುವ ಹೊತ್ತೇ ಅದಾಗಿತ್ತು ಅಂತ ಡಾಕ್ಟರು ಹೇಳಿದರು. ಇರಬಹುದು. ಅವರು ಓದಿದವರು. ನಾನು ನೋಡಿದ್ದು ನನಗೆ ಗೊತ್ತು.

ಅವಳು ಎದ್ದು ಕೂತು ಗಂಜಿ ಕುಡಿದ ಮೇಲೆ ಸಮಿತಿ ಸೇರಿತು. ಶಿವರಾಜಪ್ಪನವರು ನೊಂದಿದ್ದರು. ಆದರೂ ವರದಿಯಲ್ಲಿ "ರೋಗಿಯ ಕಡೆಯವರು ತಪ್ಪು ಹೆಸರು ಹೇಳಿದ್ದರಿಂದ" ಅಂತ ಬರೆಸಿದ್ದರು. ಅದನ್ನು ಓದುತ್ತಿದ್ದಂತೆ ನಾನು ಎದ್ದೆ.

"ತಪ್ಪ ಹೆಸರಲ್ರಿ. ಎರಡೂ ಅಕಿವೇ ಹೆಸರು. ಇಲ್ಲಿ ಕುಂತವರು ಒಬ್ಬೊಬ್ಬರೇ ಹೇಳ್ರಿ ನೋಡಾಮು. ನಿಮ್ಮ ಮನ್ಯಾಗಿನವ್ರ ತವರಮನಿ ಹೆಸರು ಏನ್ರಿ?"

ಶಿವರಾಜಪ್ಪನವರು ಕನ್ನಡಕ ತೆಗೆದರು. "ನಮ್ಮಾಕಿ ಇಲ್ಲಿ ಸುಮಂಗಲಾ. ಅವರ ಊರಾಗ ಗುಂಡಮ್ಮ ಅಂತಾರ" ಅಂದರು. ಹಣಕಾಸು ನೋಡುವವರು ತಮ್ಮವರದು ಹೇಳಿದರು. ಒಬ್ಬರಿಗೆ ನೆನಪೇ ಬರಲಿಲ್ಲ, ಹೊರಗೆ ಹೋಗಿ ಮನೆಗೆ ಫೋನ್ ಮಾಡಿ ಕೇಳಿಕೊಂಡು ಬಂದರು. ಅನುರಾಧಾ ಮೇಡಂ ತಲೆ ತಗ್ಗಿಸಿ ಕೂತಿದ್ದರು. "ನಮ್ಮ ಅಮ್ಮನಿಗೂ ಎರಡು ಹೆಸರು ಇದೆ" ಅಂದರು ಕೊನೆಗೆ. "ಅಜ್ಜಿ ಮನೆಗೆ ಹೋದಾಗಲೆಲ್ಲ ಕೇಳ್ತಿದ್ದೆ. ಈ ಯೋಜನೆ ಬರೆಯುವಾಗ ಒಂದು ಸಲವೂ ಹೊಳೀಲಿಲ್ಲ." ಅವರ ಕಣ್ಣು ತುಂಬಿತ್ತು. ನನ್ನ ಸಿಟ್ಟು ಅಲ್ಲಿಗೆ ಇಳಿಯಿತು. ಎಲ್ಲರ ಮನೆಯಲ್ಲೂ ಇದ್ದ ಮಾತು, ಯಾರಿಗೂ ಕಾಣಲಿಲ್ಲ. ನನಗಾದರೂ ಎಲ್ಲಿ ಕಂಡಿತ್ತು?

ಯೋಜನೆಯನ್ನು ಬಿಚ್ಚಿ ಮತ್ತೆ ಹೊಲಿದರು. ಒಂದು ಆಸ್ಪತ್ರೆಯಲ್ಲಿ ಸರಿಯಾಗಿ ನಡೆಯುವವರೆಗೆ ಇನ್ನೊಂದರಲ್ಲಿ ಶುರು ಮಾಡುವುದಿಲ್ಲ ಅಂತಾಯಿತು. ಭಾಲ್ಕಿ, ಔರಾದ್‌ಗಳಲ್ಲಿ ಅಲ್ಲಿಯವರೆಗೆ ಕಾಗದವೂ ನಡೆಯಲಿ ಅಂದರು. ಹಳೆಯ ದಾಖಲೆ ಎಷ್ಟೇ "ಇಲ್ಲ" ಅನ್ನಲಿ, ಮದ್ದು ಕೊಡುವ ಮೊದಲು ಹೊಸದಾಗಿ ಕೇಳಲೇಬೇಕು. ತವರಿಗೆ ಹೆರಿಗೆಗೆ ಹೊರಟ ಹೆಣ್ಣುಮಗಳ ಕೈಗೆ ಅಲರ್ಜಿ, ಎರಡೂ ಹೆಸರು ಬರೆದ ಒಂದು ಕಾರ್ಡು ಕೊಡಲೇಬೇಕು. ಮತ್ತು ಹೆಂಗಸರು ಬಂದರೆ ಕೌಂಟರಿನಲ್ಲಿ ಎರಡು ಹೆಸರು ಕೇಳಬೇಕು. ಆ ಸಭೆಯಲ್ಲಿ ಎಲ್ಲರ ಮನೆಯವರ ಎರಡೆರಡು ಹೆಸರುಗಳು ಬಂದವು. ನನ್ನನ್ನು ಮಾತ್ರ ಯಾರೂ ಕೇಳಲಿಲ್ಲ.

ಹೋದ ವಾರ ಅದೇ ಕೌಂಟರಿನಲ್ಲಿ ಅದೇ ನಸ್ರೀನ್ ಸೊಸೆಯ ಎರಡೂ ಹೆಸರು ಕೀಲಿಮಣೆಯಲ್ಲಿ ಬಡಿದಳು. ಪರದೆಯನ್ನು ನನ್ನ ಕಡೆ ತಿರುಗಿಸಿ, "ನೋಡ್ಕೋರಿ ಅಕ್ಕೋರ, ಯಾವ ಹೆಸರು ಹಾಕಿದ್ರೂ ಕೆಂಪು ಬರ್ತದ" ಅಂದಳು. ನೋಡಿದೆ. ನೋಡಿದರೂ ಚೀಲದಲ್ಲಿ ಇಂಜೆಕ್ಷನ್ನಿನ ಹೆಸರು ಬರೆದ ಚೀಟಿ ಇದೆಯೋ ಇಲ್ಲವೋ ಅಂತ ಕೈ ಹಾಕಿ ಮುಟ್ಟಿಕೊಂಡೆ. ಸೊಸೆ ನಕ್ಕಳು. "ಅತ್ತಿ, ಇನ್ನಾರೆ ಅದನ್ನ ಒಗೀರಿ."

"ಒಗೀತೇನಿ ಬಿಡು" ಅಂದೆ. ಎಸೆಯುವವಳಲ್ಲ ಅಂತ ಅವಳಿಗೂ ಗೊತ್ತು.

ನಸ್ರೀನ್ ನನ್ನ ಮುಖ ನೋಡಿದಳು. "ಮಾರಿ ಯಾಕೋ ಬಿಳಚ್ಯಾದ್ರಿ. ಬಂದೀರಿ, ನಿಮ್ಮ ಬಿ.ಪಿ.ನೂ ನೋಡಿಸ್ಕೊಂಡ ಹೋಗ್ರಿ" ಅಂತ ನನ್ನ ಹೆಸರು ಬಡಿಯತೊಡಗಿದಳು. "ಸರೋಜನಿ... ತವರಮನಿ ಹೆಸರು ಏನ್ರಿ ಅಕ್ಕೋರ?"

ನನ್ನ ಬಾಯಿಗೆ ಬರಲಿಲ್ಲ. ಮರೆತಿರಲಿಲ್ಲ. ಅವ್ವ ಹೋದ ಮೇಲೆ ಆ ಹೆಸರು ಹಿಡಿದು ಕರೆಯುವವರು ಯಾರೂ ಉಳಿದಿರಲಿಲ್ಲ, ನಾನೂ ಅದನ್ನು ಯಾರ ಮುಂದೆಯೂ ಹೇಳಿರಲಿಲ್ಲ.

"ನೀಲಮ್ಮ" ಅಂದೆ.

ಸೊಸೆ ಥಟ್ಟನೆ ನನ್ನ ಕಡೆ ತಿರುಗಿದಳು. "ಅತ್ತಿ, ಇದು ನನಗ ಗೊತ್ತೇ ಇಲ್ಲಲ್ರಿ. ಇವರಿಗೆ ಗೊತ್ತದೇನ್ರಿ?"

ಸಂತೋಷನಿಗೆ? ನೆನೆದು ನೋಡಿದೆ. ಅವನಿಗೂ ಗೊತ್ತಿರಲಿಲ್ಲ. ನಾನು ಎಲ್ಲೋ ಎಚ್ಚರ ತಪ್ಪಿ ಬಿದ್ದರೆ, ನನ್ನ ಕಿವಿಯ ಹತ್ತಿರ ಬಗ್ಗಿ ಆ ಹೆಸರು ಕರೆಯುವವರು ಈ ಭೂಮಿಯ ಮೇಲೆ ಒಬ್ಬರೂ ಇರಲಿಲ್ಲ. ಸೊಸೆಯ ಮುಂಗೈ ಹಿಡಿದುಕೊಂಡೆ.

"ನೀಲಮ್ಮ" ಅಂದಳು ಅವಳು, ಮೆಲ್ಲಗೆ, ಬಾಯಿಪಾಠ ಮಾಡುವವಳ ಹಾಗೆ.

"ಇನ್ನೊಮ್ಮಿ ಹೇಳವಾ ಸುವ್ವಾ" ಅಂದೆ.